ಗಂಜಿ ಹಾಕಿದ ನೋಟುಗಳು

ಹೋದ ತಿಂಗಳು ನಾರಾಯಣಪೇಟೆಯಲ್ಲಿ ಅಕ್ಕನ ಮನೆಗೆ ಹೋಗುವಾಗ ನೇಕಾರರ ಓಣಿಯಲ್ಲಿ ಆಟೋ ನಿಂತುಬಿಟ್ಟಿತು. ದಾರಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿ ಇಬ್ಬರು ಹೆಂಗಸರು ಅದಕ್ಕೆ ಅಕ್ಕಿಗಂಜಿ ಬಳಿಯುತ್ತಿದ್ದರು. ಆಟೋದವನು ತೆಲುಗಿನಲ್ಲಿ ಗೊಣಗತೊಡಗಿದ. ನಾನು ಮಾತ್ರ ಇಳಿದು ಸುಮ್ಮನೆ ನಿಂತೆ. ತುಸು ಹುಳಿ ಬಂದ ಆ ಗಂಜಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಗದ್ವಾಲದ ಮನೆ, ಅದರ ಪಡಸಾಲೆ, ಅಲ್ಲಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಅತ್ತಿ... ಎಲ್ಲ ನೆನಪಾಯಿತು.

ಅತ್ತಿ ಅಂದರೆ ನನಗೆ ಬಂಧುವಲ್ಲ, ಬಳಗವಲ್ಲ. ಗದ್ವಾಲದ ಒಂದು ಸಣ್ಣ ಬ್ಯಾಂಕಿನಲ್ಲಿ ನನಗೆ ಕ್ಲರ್ಕ್ ಕೆಲಸ ಸಿಕ್ಕಾಗ, ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿ. ಮದುವೆಯಾಗದ ಹುಡುಗಿ ಒಬ್ಬಳೇ ಇರುತ್ತಾಳೆಂದರೆ ಆಗೆಲ್ಲ ಯಾರೂ ಮನೆ ಕೊಡುತ್ತಿರಲಿಲ್ಲ. ಈಕೆ ನನ್ನ ಮುಖ ನೋಡಿ, ‘ಕನ್ನಡದಾಕಿ ಅಲ್ಲೇನು? ಬಾ, ಮಾತಾಡಾಕ ಒಬ್ಬರು ಬೇಕಾಗಿತ್ತು’ ಎಂದು ಒಳಗೆ ಕರೆದಿದ್ದಳು. ಅಂದಿನಿಂದ ಅತ್ತಿ ಎಂದೇ ಕರೆದೆ. ಗಂಡ ತೀರಿದ್ದ. ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಮಗ್ಗ ಅವಳ ಮನೆಯಲ್ಲೇ ಇದ್ದರೂ ಅವಳದಲ್ಲ, ಸೀರೆ ವ್ಯಾಪಾರದ ಸಾವುಕಾರನದು. ನೂಲು ಅವನದು, ಜರಿ ಅವನದು, ಕೈ ಮಾತ್ರ ಇವಳದು.

ನನಗೆ ಮೊದಲಿನಿಂದಲೂ ಎಲ್ಲದರ ಬುಡ ಕೆದಕುವ ಚಾಳಿ. ಬ್ಯಾಂಕಿಗೆ ಸೇರಿದ್ದೇ ಅದರ ಪುರಾಣ ಕೆದಕಲು ಶುರುಮಾಡಿದೆ. ಗೋಡೆ ಮೊಳದಪ್ಪ, ಕಿಟಕಿಗೆ ಹೆಬ್ಬೆರಳಿನಷ್ಟು ದಪ್ಪನೆಯ ಸರಳು... ಸಣ್ಣ ಬ್ಯಾಂಕಿಗೆ ಇಷ್ಟೆಲ್ಲ ಯಾಕೆ? ನಮ್ಮ ಖಜಾಂಚಿಯವರು, ಅಂದರೆ ದುಡ್ಡಿನ ಕಿಟಕಿಯಲ್ಲಿ ಕೂಡುವ ಹಿರಿಯರು, ಊಟದ ಹೊತ್ತಿಗೆ ಒಂದೊಂದೇ ಬಿಚ್ಚಿ ಹೇಳುತ್ತಿದ್ದರು. ನಿಜಾಮರ ಕಾಲದಲ್ಲಿ ಅದೇ ಕಟ್ಟಡದಲ್ಲಿ ಇನ್ನೊಂದು ಬ್ಯಾಂಕಿತ್ತಂತೆ. ಆಗ ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ರೂಪಾಯಿ. ಗಡಿಯಾಚೆಯ ಇಂಗ್ಲಿಷ್ ಸರ್ಕಾರದ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಒಂದೇ ಸಂತೆಯಲ್ಲಿ ಎರಡೂ ಓಡಾಡುತ್ತಿದ್ದವು. ಒಂದಕ್ಕೊಂದು ಸಮನಲ್ಲ, ಹೀಗಾಗಿ ಪ್ರತಿ ವ್ಯಾಪಾರಕ್ಕೂ ತಕರಾರು. ‘ಕೊತ್ತಂಬರಿ ಕೊಳ್ಳಾಕೂ ಗಣಿತ ಬರಬೇಕಾಗಿತ್ರಿ’ ಎಂದು ಖಜಾಂಚಿಯವರು ನಗುತ್ತಿದ್ದರು. ಆಮೇಲೆ ನಿಜಾಮರು ಹೋಗಿ ರಾಜ್ಯವೇ ಬದಲಾಯಿತು. ಹಾಲಿ ನೋಟು ತಂದುಕೊಟ್ಟು ಕಲ್ದಾರ್ ಒಯ್ಯಿರಿ ಎಂದು ಊರೂರಿಗೆ ಡಂಗುರ ಹೊಡೆಸಿದರು, ಕಡೆಯ ದಿನವನ್ನೂ ಸಾರಿದರು.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಹೇಳುವುದು ನನ್ನ ರೂಢಿ. ಹಾಲಿ ನೋಟು ಎಂದದ್ದೇ ಅವಳು ಎದ್ದುಹೋಗಿ ದೇವರ ಗೂಡಿನಿಂದ ಒಂದು ಗಂಟು ತಂದಳು. ಒಳಗೆ ಮಣ್ಣು ಬಣ್ಣಕ್ಕೆ ತಿರುಗಿದ ನೋಟುಗಳು. ಉರ್ದು ಅಕ್ಷರದ ಜೊತೆಗೆ ಮೂಲೆಯಲ್ಲಿ ಕನ್ನಡ ಕಂಡು ನಾನು ಹುಚ್ಚಿಯಂತೆ ದೀಪಕ್ಕೆ ಹಿಡಿದು ಹಿಡಿದು ನೋಡಿದೆ. ಅವು ಅವಳ ಅತ್ತೆಯವು, ಗಂಡನ ತಾಯಿಯವು. ಆಕೆ ಅವನ್ನು ಮಗ್ಗದ ಗುಂಡಿಯ ಮೂಲೆಯಲ್ಲಿ ಗಡಿಗೆಯೊಳಗಿಟ್ಟು ಹೂತಿದ್ದಳಂತೆ. ತೆಗೆದು ಬ್ಯಾಂಕಿಗೆ ಒಯ್ದರೆ ಕಿಟಕಿಯವರು ತಿರುಗಿ ಕೊಟ್ಟರು. ‘ತ್ಯಾವಕ್ಕ ಹೊಲಸಾಗಿದ್ವಲ್ಲ, ಅದಕ್ಕ ತಗೊಳ್ಳಿಲ್ಲ. ನಮ್ಮ ಮಾವ ಸಾಯೋತನಕ ಆಕಿನ್ನ ದುಡ್ಡು ಕೊಳಿಸಿದಾಕಿ ಅಂತನ ಕರದ’ ಎಂದಳು ಅತ್ತಿ. ಹಬ್ಬಕ್ಕೆ ಹೋಳಿಗೆ ತಟ್ಟುವಾಗಲೂ ಆಕೆಯ ಕೈಗೆ ಹಿಟ್ಟು ಕೊಡುತ್ತಿರಲಿಲ್ಲವಂತೆ, ಕೈ ಚಲೋ ಅಲ್ಲ ಅಂತ. ಇಷ್ಟಾದರೂ ಅತ್ತಿ ತನ್ನ ಉಳಿತಾಯ ಇಟ್ಟದ್ದು ಅದೇ ಗುಂಡಿಯಲ್ಲಿ. ಬ್ಯಾಂಕಿನಲ್ಲಿ ಇಡು ಎಂದರೆ, ‘ಹಗಲೆಲ್ಲ ನನ್ನ ಕಾಲಡೀನ ಇರತೈತಿ. ನಿಮ್ಮ ಕಿಟಕಿ ನಂಬಾಕ ಬರಂಗಿಲ್ಲವ್ವ’ ಎನ್ನುತ್ತಿದ್ದಳು.

ಆ ವರ್ಷ ಸಾವುಕಾರ ಮಗ್ಗಗಳನ್ನೆಲ್ಲ ಮಾರಲು ಹೊರಟ. ಅತ್ತಿಯ ಮನೆಯ ಮಗ್ಗಕ್ಕೆ ಧರೂರಿನ ಕಡೆಯವರೊಬ್ಬರು ಬೆಲೆ ಕಟ್ಟಿದ್ದರು. ಶುಕ್ರವಾರದೊಳಗೆ ನೀನು ಕೊಂಡರೆ ನಿನಗೇ, ಇಲ್ಲದಿದ್ದರೆ ಅವರು ಬಂಡಿ ತಂದು ಒಯ್ಯುತ್ತಾರೆ ಎಂದು ಹೇಳಿ ಕಳಿಸಿದ. ಮಗ್ಗ ಹೋದರೆ ಅತ್ತಿ ಬೀಡಿ ಕಟ್ಟಬೇಕು, ಇಲ್ಲವೇ ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳಬೇಕು. ಗುಂಡಿಯ ಗಡಿಗೆ ತೆಗೆದು ನೋಡಿದಳು. ದುಡ್ಡು ಸಾಲುತ್ತಿತ್ತು. ಆದರೆ ನೋಟುಗಳಿಗೆ ಮಗ್ಗದ ಎಣ್ಣೆ, ಕೆಸರು, ಬೂಷ್ಟು. ಹೊಲಸು ನೋಟು ಕೊಟ್ಟು ಮಗ್ಗದಂಥ ವಸ್ತು ತರುವುದೇ? ಬ್ಯಾಂಕಿನಲ್ಲಿ ಹೊಸ ನೋಟಿಗೆ ಬದಲಿಸಿಕೊಂಡು, ಅರಿಸಿನ ಕುಂಕುಮ ಹಚ್ಚಿ ಕೊಡಬೇಕೆಂದು ಅವಳ ಆಸೆ. ಹೊಲಸಿನ ನೋಟು ಬ್ಯಾಂಕು ತಗೊಳ್ಳುವುದಿಲ್ಲ ಎಂಬ ಭಯ ಬೇರೆ. ಹಿಂದೊಮ್ಮೆ ನನ್ನನ್ನು ಕರೆಯಲು ಬ್ಯಾಂಕಿಗೆ ಬಂದಿದ್ದಾಗ, ನೋಟು ನೀರಲ್ಲಿ ಬಿದ್ದರೂ ಯಾಕೆ ಕರಗುವುದಿಲ್ಲ ಎಂದು ಖಜಾಂಚಿಯವರನ್ನು ಕೇಳಿದ್ದಳು. ‘ಅದು ಹತ್ತಿ ಕಾಗದವ್ವ’ ಎಂದಿದ್ದರು ಅವರು. ಹತ್ತಿ ಎಂದಮೇಲೆ ನೇಕಾರಳಿಗೆ ಇನ್ನೇನು ಹೇಳಬೇಕು? ನಾನು ಕೆಲಸಕ್ಕೆ ಹೋದಾಗ ನೋಟುಗಳನ್ನು ಸೀಗೆಪುಡಿಯಲ್ಲಿ ತೊಳೆದಳು. ಗಂಜಿಯಲ್ಲಿ ಅದ್ದಿದಳು. ನೆರಳಲ್ಲಿ ಒಣಗಿಸಿ, ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿಯನ್ನೂ ಮಾಡಿದಳು.

ಮರುದಿನ ಖಜಾಂಚಿಯವರ ಕಿಟಕಿಯಲ್ಲಿ ಗಂಟು ಬಿಚ್ಚಿದಾಗ ನಾನು ಪಕ್ಕದ ಮೇಜಿನಲ್ಲಿದ್ದೆ. ನೋಟುಗಳು ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ನಗುತ್ತಲೇ ಎದ್ದು ಬಂದು ಒಂದನ್ನು ಕೈಗೆತ್ತಿಕೊಂಡೆ. ಬಣ್ಣ ಬಿಟ್ಟಿತ್ತು, ಕೆಲವು ಒಂದಕ್ಕೊಂದು ಅಂಟಿದ್ದವು, ಬೆಳಕಿಗೆ ಹಿಡಿದರೆ ಒಳಗಿನ ಗುರುತು ಕಾಣುತ್ತಿರಲಿಲ್ಲ. ಖಜಾಂಚಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇವನ್ನ ನಾ ಹ್ಯಾಂಗ ತಗೊಳ್ಳಲವ್ವ? ದೊಡ್ಡ ಆಫೀಸಿಗೆ ಕಳಿಸಬೇಕು. ತಿಂಗಳುಗಟ್ಟಲೆ ಆಗತೈತಿ’ ಎಂದರು. ಅವರದೂ ತಪ್ಪಿರಲಿಲ್ಲ. ಮೇಲಿನವರು ಒಪ್ಪದಿದ್ದರೆ ಅವರ ಪಗಾರದಲ್ಲೇ ಹಿಡಿಯುತ್ತಿದ್ದರು.

ಅತ್ತಿ ನೋಟುಗಳನ್ನು ಮತ್ತೆ ಕಿಟಕಿಯೊಳಗೆ ತಳ್ಳಿದಳು. ‘ನಮ್ಮತ್ತಿ ಹೊಲಸು ತಂದ್ಲು ಅಂತ ತಿರುಗಿ ಕೊಟ್ಟಿದ್ರಿ. ನಾ ತೊಳದು ತಂದೀನಿ. ಈಗೂ ಬ್ಯಾಡ ಅಂದ್ರ?’ ಎಂದಳು.

ಖಜಾಂಚಿಯವರು ಅರ್ಥವಾಗದೆ ನನ್ನತ್ತ ನೋಡಿದರು. ನಾನು ಹಾಲಿ ನೋಟಿನ ಗಂಟಿನ ಕಥೆ ಹೇಳಿದೆ. ಅವರು, ‘ಹೊಲಸು ಅಂತ ಯಾರೂ ತಿರುಗಿ ಕೊಡಂಗಿಲ್ಲವ್ವ. ಹರಿದದ್ದು, ಮಾಸಿದ್ದು ಎಲ್ಲಾ ತಗೊಂಡಾರ. ಮುದ್ದತ್ ಮುಗಿದಿತ್ತು, ಸಾರಿದ ಕಡೀ ದಿನ ದಾಟಿತ್ತು, ಅಷ್ಟ. ಡಂಗುರ ನಿಮ್ಮ ಮಾವಗ ಕೇಳಿಸಿರಬೇಕಲ್ಲ?’ ಎಂದರು.

ಕೇಳಿಸಿತ್ತಂತೆ. ಆದರೆ ನಿಜಾಮರ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನಿರು ಎಂದು ಗಡಿಗೆ ತೆಗೆಯಲು ಬಿಡದವನೇ ಆ ಮಾವ. ಇದನ್ನು ಹೇಳುತ್ತಾ ಹೇಳುತ್ತಾ ಅತ್ತಿಯ ದನಿ ಇಳಿಯಿತು. ಹಿಂದಿನವರು ಸರೀರಿ ಎಂದು ಗದ್ದಲ ಮಾಡಿದಮೇಲೆ ನೋಟು ಗಂಟುಕಟ್ಟಿಕೊಂಡು ಹೊರಗೆ ಬಂದಳು.

ಆ ಸಂಜೆಯೇ ನಾವಿಬ್ಬರೂ ಸಾವುಕಾರನ ಅಂಗಡಿಗೆ ಹೋದೆವು. ಹೋದದ್ದು ಇನ್ನಷ್ಟು ದಿನದ ವಾಯಿದೆ ಕೇಳಿಕೊಳ್ಳಲು. ಅತ್ತಿ ಗಂಟು ಬಿಚ್ಚಿ ನಡೆದದ್ದನ್ನೆಲ್ಲ ಹೇಳಿದಳು, ಬ್ಯಾಂಕು ಒಲ್ಲೆ ಎಂದದ್ದನ್ನೂ ಮುಚ್ಚಿಡಲಿಲ್ಲ. ಸಾವುಕಾರ ಒಂದು ನೋಟು ಎತ್ತಿ, ಸೀರೆಯ ಸೆರಗು ನೋಡುವಂತೆ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ಮೂಸಿ ನೋಡಿದ. ಹೊಟ್ಟೆ ಕುಲುಕುವಂತೆ ನಕ್ಕ. ‘ನಿನ್ನ ಗಂಜಿ ನನಗ ಗುರುತಿಲ್ಲೇನಮ್ಮಾ? ಇಷ್ಟು ವರ್ಷ ಇದನ್ನ ಮಾರಿ ಉಂಡೀನಿ. ಇಡು ಇಲ್ಲಿ. ದೊಡ್ಡ ಆಫೀಸಿಗೆ ನಾ ಕಳಸ್ತೀನಿ, ನನಗ ಗಡಿಬಿಡಿ ಇಲ್ಲ’ ಎಂದ. ಧರೂರಿನವರಿಗೆ ಬೇರೆ ಮಗ್ಗ ತೋರಿಸಿದ. ಆ ನೋಟುಗಳಲ್ಲಿ ಎಷ್ಟು ದಕ್ಕಿದವು, ಎಷ್ಟು ಮುಳುಗಿದವು, ನಾನು ಎಷ್ಟು ಕೆದಕಿದರೂ ಆ ಮನುಷ್ಯ ಬಾಯಿ ಬಿಡಲಿಲ್ಲ.

ಮಗ್ಗ ತನ್ನದಾದ ಖುಷಿಗೆ ಅತ್ತಿ ಕುಣಿಯುತ್ತಾಳೆ ಎಂದುಕೊಂಡಿದ್ದೆ. ದಾರಿಯಲ್ಲಿ ಅದರ ಮಾತೇ ಎತ್ತಲಿಲ್ಲ. ಓಣಿಯ ತಿರುವಿನಲ್ಲಿ ನಿಂತು, ‘ಆಕಿದು ಏನೂ ತಪ್ಪಿದ್ದಿಲ್ಲ ನೋಡವ್ವ. ನಾನೂ ಹೋಳಿಗಿ ಹಿಟ್ಟು ಆಕಿ ಕೈಗೆ ಕೊಡ್ತಿದ್ದಿಲ್ಲ’ ಎಂದು ಅತ್ತುಬಿಟ್ಟಳು. ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಮುಂದೆ ನನಗೆ ಮಕ್ತಲ್ಲಿಗೆ ವರ್ಗವಾಯಿತು, ಮದುವೆಯಾಯಿತು. ನಮ್ಮ ಸಣ್ಣ ಬ್ಯಾಂಕನ್ನು ಯಾವುದೋ ದೊಡ್ಡದು ನುಂಗಿತು. ಅತ್ತಿ ಹೋದ ಸುದ್ದಿ ಬಂದದ್ದು ಹೋಗಿ ಎಷ್ಟೋ ದಿನದ ಮೇಲೆ...

ಆ ಆಟೋದಿಂದ ಇಳಿದು ನಿಂತೆನಲ್ಲ, ಆ ರಾತ್ರಿ ಅಕ್ಕನ ಮನೆಯಲ್ಲಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಗದ್ವಾಲದ ಬಸ್ಸು ಹಿಡಿದೆ. ಬ್ಯಾಂಕಿದ್ದ ಕಟ್ಟಡದಲ್ಲಿ ಈಗ ಮೊಬೈಲ್ ಅಂಗಡಿ. ಮನೆಯಲ್ಲಿ ಅತ್ತಿಯ ಸೊಸೆ ಮಗ್ಗದಿಂದ ಎದ್ದು ಬಂದು ಚಹಾ ಮಾಡಿಕೊಟ್ಟಳು. ಕಡೆಕಡೆಗೆ ಅತ್ತಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲವಂತೆ. ‘ಯಾರು ನೋಡಾಕ ಬಂದ್ರೂ ಕೈ ಹಿಡದು, ನಮ್ಮತ್ತಿದು ತಪ್ಪಿದ್ದಿಲ್ಲ, ನಮ್ಮತ್ತಿದು ತಪ್ಪಿದ್ದಿಲ್ಲ ಅಂತಿದ್ರು ರೀ. ಬಂದವರಿಗೆ ಏನು ಅಂತ ತಿಳೀಬೇಕು?’ ಎಂದಳು.

ಅತ್ತಿಯ ಆ ಅತ್ತೆಯ ಹೆಸರೇನಿತ್ತು ಎಂದು ಕೇಳಿದೆ. ಸೊಸೆಗೆ ಗೊತ್ತಿರಲಿಲ್ಲ. ಗಂಡನಿಗೆ ಫೋನು ಮಾಡಿ ಕೇಳಿದಳು, ಅವನಿಗೂ ಗೊತ್ತಿರಲಿಲ್ಲ. ಆ ಹೆಸರು ಹೇಳಬಹುದಾಗಿದ್ದ ಅತ್ತಿಯನ್ನು ನಾನು ಅಷ್ಟು ದಿನ ಎದುರಿಗೆ ಕೂರಿಸಿಕೊಂಡು ಉಂಡಿದ್ದೆ, ನೋಟಿನ ಬಗ್ಗೆ ಕೇಳುತ್ತಾ.