ಗುದ್ದಿದವರ ಫೋನು

ಉಣಕಲ್ ಕೆರೆ ದಾಟಿ ಸ್ವಲ್ಪ ಮುಂದೆ ಬಂದರೆ ಒಂದು ಸಿಗ್ನಲ್ ಇದೆ. ವಿದ್ಯಾನಗರದ ಕಾಲೇಜಿನಲ್ಲಿ ಪಾಠ ಮುಗಿಸಿ ಧಾರವಾಡಕ್ಕೆ ಮರಳುವಾಗ ದಿನವೂ ಅಲ್ಲಿ ನಿಲ್ಲುತ್ತಿದ್ದೆ. ಆ ಸಂಜೆಯೂ ನಿಂತಿದ್ದೆ. ದೀಪ ಕೆಂಪಿತ್ತು. ಮನೆಗೆ ಹೋಗಿ ಅನ್ನಕ್ಕಿಡುವುದೋ, ಖಾನಾವಳಿಯಿಂದ ಎರಡು ರೊಟ್ಟಿ ಕಟ್ಟಿಸಿಕೊಂಡು ಹೋಗುವುದೋ ಎಂದು ಯೋಚಿಸುತ್ತಿದ್ದಾಗ ಹಿಂದಿನಿಂದ ಏನೋ ಬಂದು ಗುದ್ದಿತು.

ನನ್ನದು ಹಳೆಯ ಕಾರು. ಸಹೋದ್ಯೋಗಿಯೊಬ್ಬರು ವರ್ಗವಾಗಿ ಹೋಗುವಾಗ ನನಗೆ ಮಾರಿಹೋಗಿದ್ದರು. ಅದರ ಸೀಟಿನ ಬೆನ್ನು ಗಿಡ್ಡ. ತಲೆಗೆ ಆಸರೆ ಕೊಡುವಷ್ಟು ಎತ್ತರವಿರಲಿಲ್ಲ. ತಲೆ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಹೋಗಿದ್ದು ನೆನಪಿದೆ. ಗಾಜು ಉದುರಿದ ಸದ್ದು ಕೇಳಿದ್ದು ಆಮೇಲೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣಲಿಲ್ಲ. ಗುಲಾಬಿ ಹೂವಿನ ಚಿತ್ರವಿದ್ದ ದೊಡ್ಡದೊಂದು ಗಾದಿ ನನ್ನ ಡಿಕ್ಕಿಯ ಮೇಲೆ ಬಂದು ಮಲಗಿತ್ತು.

ಗುದ್ದಿದ್ದು ಗಾದಿ ತುಂಬಿದ ಸಣ್ಣ ಟೆಂಪೊ. ಓಡಿಸುತ್ತಿದ್ದವರು ಅದರ ಮಾಲೀಕರೇ, ಹುಬ್ಬಳ್ಳಿಯಲ್ಲಿ ಗಾದಿ ಹೊಲಿಸಿ ಮಾರುವ ಅಂಗಡಿ ಇಟ್ಟವರು. ಅರವತ್ತರ ಆಸುಪಾಸಿನ ಮನುಷ್ಯ, ತಲೆಯ ಮೇಲೆ ಬಿಳಿ ಟೋಪಿ. ಓಡಿಬಂದು ನನ್ನ ಬಾಗಿಲು ತೆಗೆದರು.

"ತಪ್ಪಾತ್ರಿ ಮೇಡಂ. ನಂದ ತಪ್ಪು. ಹಗ್ಗ ಬಿಚ್ಚೇತೇನಂತ ಕನ್ನಡಿ ಒಳಗ ಹಿಂದ ನೋಡಾಕತ್ತಿದ್ನಿ, ಮುಂದ ನೀವು ನಿಂತದ್ದು ಕಾಣಲೇ ಇಲ್ಲ. ಎಲ್ಲಿ ಹತ್ತೇತ್ರಿ?"

ಎಲ್ಲಿ ಪೆಟ್ಟಾಗಿದೆ ಎಂದು ನನಗೇ ಗೊತ್ತಿರಲಿಲ್ಲ. "ಏನಿಲ್ಲ" ಎಂದೆ. ಇಳಿಯಲು ಹೋದಾಗ ಬಲಗೈ ಬಾಗಿಲು ಹಿಡಿಯಲಿಲ್ಲ. ಬೆರಳುಗಳು ಜೋಮು ಹಿಡಿದಿದ್ದವು.

ಅವರೇ ಒಂದು ಆಟೋ ನಿಲ್ಲಿಸಿ ನನ್ನನ್ನು ವಿದ್ಯಾನಗರದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಗಾದಿಗಳನ್ನು ರಸ್ತೆಯಲ್ಲೇ ಬಿಟ್ಟುಬಂದರು. ಅಪಘಾತದ ವಿಭಾಗದಲ್ಲಿ ನರ್ಸ್ ಕೇಳಿದಳು, "ಪೇಷಂಟ್ ಕಡಿಯವ್ರು ಯಾರ್ರಿ?"

ಗರಗದಲ್ಲಿದ್ದ ಅವ್ವ ತೀರಿಕೊಂಡು ವರ್ಷಗಳಾಗಿದ್ದವು. ಅಕ್ಕ ಸೊಲ್ಲಾಪುರದಲ್ಲಿ. ಮದುವೆಯನ್ನು ನಾನು ಮಾಡಿಕೊಂಡಿರಲಿಲ್ಲ. ಆ ಪ್ರಶ್ನೆಗೆ ಯಾರ ಹೆಸರು ಹೇಳಬೇಕೆಂದು ಅಲ್ಲಿಯವರೆಗೆ ಯೋಚಿಸುವ ಪ್ರಸಂಗವೂ ಬಂದಿರಲಿಲ್ಲ.

"ನಾನ ರೀ" ಎಂದರು ಗಾದಿಯವರು.

"ನೀವು ಏನಾಗ್ಬೇಕ್ರಿ ಇವ್ರಿಗೆ?"

ಅವರು ನನ್ನ ಮುಖ ನೋಡಿದರು, ನರ್ಸಿನ ಮುಖ ನೋಡಿದರು. "ಗುದ್ದಿದಾಂವ ರೀ" ಎಂದರು.

ನರ್ಸಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ನಕ್ಕಾಗಲೇ ಕುತ್ತಿಗೆಯ ನೋವು ಮೊದಲ ಸಲ ಪೂರಾ ಗೊತ್ತಾಗಿದ್ದು.

ಎಲುಬು ಮುರಿದಿರಲಿಲ್ಲ. ಸ್ನಾಯುಗಳು ಎಳೆದುಕೊಂಡಿವೆ, ಒಂದು ನರ ಒತ್ತಿಕೊಂಡಿದೆ, ಪಟ್ಟಿ ಕಟ್ಟಿಕೊಂಡು ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದರು ಡಾಕ್ಟರು. "ಮನ್ಯಾಗ ಕೆಲಸಾ ಬೊಗಸಿ ಮಾಡಬ್ಯಾಡ್ರಿ, ಬ್ಯಾರೆಯವ್ರಿಗೆ ಹೇಳ್ರಿ" ಎಂದೂ ಹೇಳಿದರು. ಬೇರೆಯವರು ಎಲ್ಲಿದ್ದಾರೆ ಎಂದು ನಾನು ಕೇಳಲಿಲ್ಲ.

ಸಪ್ತಾಪುರದಲ್ಲಿ ನಾನು ಬಾಡಿಗೆಗಿರುವ ಮನೆ ಮೇಲಂತಸ್ತಿನಲ್ಲಿದೆ. ಕೆಳಗಿನ ಕೋಣೆಗಳಲ್ಲಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗಿಯರು. ಪರೀಕ್ಷೆ ಬಂದಂತೆ ಬರುತ್ತಾರೆ, ಮುಗಿದಂತೆ ಹೋಗುತ್ತಾರೆ. ಒಬ್ಬಳ ಮುಖ ನೆನಪಿಟ್ಟುಕೊಳ್ಳುವಷ್ಟರಲ್ಲಿ ಆ ಕೋಣೆಗೆ ಇನ್ನೊಬ್ಬಳು ಬಂದಿರುತ್ತಾಳೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತುವಾಗ ಇಬ್ಬರು ಹೊರಗೆ ಬಂದು "ಏನಾತ್ರಿ ಆಂಟಿ?" ಎಂದರು. ಹೇಳಿದೆ. "ಅಯ್ಯ, ಹೌದ? ಏನರ ಬೇಕಾದ್ರ ಹೇಳ್ರಿ" ಎಂದು ಮತ್ತೆ ಪುಸ್ತಕಕ್ಕೆ ಹೋದರು. ಮನಸ್ಸಿನಿಂದಲೇ ಹೇಳಿದ್ದರು. ಆದರೆ ಬೆನ್ನ ಹಿಂದೆ ಕೈ ಹೋಗುತ್ತಿಲ್ಲ, ಜಡೆ ಹಾಕಿಕೊಡು ಬಾ ಎಂದು ಹೆಸರು ಗೊತ್ತಿಲ್ಲದ ಹುಡುಗಿಯನ್ನು ಕರೆಯುವುದು ಹೇಗೆ?

ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಗಾಬರಿಯಾದಳು. ಆಮೇಲೆ, "ನಾ ಬರ್ಲೇನು?" ಎಂದಳು. ಆ ಪ್ರಶ್ನೆಯಲ್ಲೇ ಬೇಡ ಎನ್ನಲು ಜಾಗ ಬಿಟ್ಟಿದ್ದಳು. ಅವಳ ಸೊಸೆಗೆ ದಿನ ತುಂಬಿದ್ದವು. "ಬ್ಯಾಡ, ಅಷ್ಟೇನಿಲ್ಲ" ಎಂದೆ. ಅವಳ ದನಿ ಹಗುರಾಗಿದ್ದು ನನಗೆ ಕೇಳಿಸಿತು. ಅವಳ ಮೇಲೆ ಸಿಟ್ಟೇನೂ ಬರಲಿಲ್ಲ.

ನನ್ನವ್ವ ಗರಗದಲ್ಲಿ ಖಾದಿಯ ನೂಲು ತೆಗೆಯುತ್ತಿದ್ದಳು. ಇಡೀ ದಿನ ತಲೆ ಬಗ್ಗಿಸಿ ಕೂತು ಸಂಜೆ ಮನೆಗೆ ಬರುವಾಗ ಅವಳ ಕುತ್ತಿಗೆ ಹಿಡಿದುಕೊಂಡಿರುತ್ತಿತ್ತು. ನಾನು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. "ಇನ್ನೊಂದೀಟು ಕೆಳಗ, ಹಾಂ, ಅಲ್ಲೇ" ಎಂದು ಕಣ್ಣು ಮುಚ್ಚುತ್ತಿದ್ದಳು. ನೋವಿಗೆ ಎಣ್ಣೆಗಿಂತ ಹೆಚ್ಚು ಬೇಕಾದದ್ದು ಇನ್ನೊಬ್ಬರ ಕೈ ಎಂದು ಅಪಘಾತದ ನಂತರದ ದಿನಗಳಲ್ಲಿ ತಿಳಿಯಿತು. ಮುಲಾಮು ನಾನೇ ಹಚ್ಚಿಕೊಳ್ಳುತ್ತಿದ್ದೆ. ಬೇಕಾದ ಜಾಗಕ್ಕೆ ಕೈ ಮುಟ್ಟುತ್ತಲೇ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಸಂಜೆ, ಅಲ್ಲೇ ನನ್ನ ನಂಬರು ಬರೆದುಕೊಂಡಿದ್ದ ಗಾದಿಯವರ ಫೋನು ಬಂತು. ನಮಾಜು ಮುಗಿಸಿ ಅಂಗಡಿಗೆ ಬಂದವರೇ ಮಾಡಿದ್ದರಂತೆ.

"ಕುತ್ತಿಗಿ ಹೆಂಗೈತ್ರಿ ಅಕ್ಕಾರ?"

ಮೇಡಂ ಹೋಗಿ ಅಕ್ಕಾರ ಆಗಿತ್ತು. ವಯಸ್ಸಿನಲ್ಲಿ ಅವರೇ ನನಗಿಂತ ದೊಡ್ಡವರು. "ಹಂಗೇ ಐತ್ರಿ" ಎಂದೆ. ಊಟ ಆಯಿತೇ, ಗುಳಿಗೆ ತೆಗೆದುಕೊಂಡಿರೇ, ದಿಂಬು ದಪ್ಪ ಇದ್ದರೆ ತೆಗೆದುಬಿಡಿ ಎಂದೆಲ್ಲ ಹೇಳಿ ಇಟ್ಟರು. ಅದರ ಮರುದಿನವೂ ಮಾಡಿದರು. ಆಮೇಲೆ ದಿನಾ ಬರತೊಡಗಿತು.

ವಿಮೆಯ ಓಡಾಟ ಆ ವಾರವೇ ಶುರುವಾಯಿತು. ನನ್ನ ವಿಮೆಯ ಏಜೆಂಟರು ಫೋನಿನಲ್ಲಿ ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು. "ಹಳೀ ಗಾಡಿ ಅಂತ ಹೋದ ಸಲ ಥರ್ಡ್ ಪಾರ್ಟಿ ಅಷ್ಟ ಮಾಡ್ಸಿದ್ವಿ ಅಲ್ರಿ ಮೇಡಂ. ನೀವು ಯಾರಿಗರ ಗುದ್ದಿದ್ರ ಅವ್ರಿಗೆ ಕೊಡ್ತಾರ. ನಿಮ್ಮ ಗಾಡಿಗೆ ಏನೂ ಬರೂದಿಲ್ಲ." ನನಗೆ ಏನಾದರೂ ಸಿಗಬೇಕಾದರೆ ಗುದ್ದಿದವರ ವಿಮಾ ಕಂಪನಿಯಿಂದಲೇ ಸಿಗಬೇಕು. ಅದಕ್ಕೆ ಪೊಲೀಸ್ ದೂರು ಬೇಕು, ಆಮೇಲೆ ವಕೀಲರು, ಕೋರ್ಟು. ಗ್ಯಾರೇಜಿನವರಂತೂ ಕಾರಿನ ಹಿಂಭಾಗ ನೋಡಿ, ಅಡಿಯ ಚಾಸಿಯೇ ಬಾಗಿದೆ, ಇದರ ಆಸೆ ಬಿಡಿ ಎಂದುಬಿಟ್ಟರು.

ದಿನಾ ಕುತ್ತಿಗೆ ಹೇಗಿದೆ ಎಂದು ಕೇಳುವ ಮನುಷ್ಯನ ಮೇಲೆ ದೂರು ಕೊಡಬೇಕಾಗಿತ್ತು. ಸಂಜೆ ಫೋನು ಬಂದಾಗ ತಡವರಿಸುತ್ತಲೇ ಹೇಳಿದೆ.

"ಕೊಡ್ರಿ ಅಕ್ಕಾರ" ಎಂದರು. "ಇನ್ಶೂರೆನ್ಸ್ ಕಟ್ಟೀನಿ, ಅದು ಇರೂದ ಅದಕ್ಕ. ನೀವ್ಯಾಕ ಬೇಜಾರಾಗ್ತೀರಿ?"

ಪಟ್ಟಿ ಕಟ್ಟಿಕೊಂಡೇ ಠಾಣೆಗೆ ಹೋಗಿ ದೂರು ಕೊಟ್ಟುಬಂದೆ.

ಕೆಲವು ದಿನಗಳ ನಂತರ ಅವರ ವಿಮಾ ಕಂಪನಿಯ ಪರವಾಗಿ ವಿಚಾರಣೆಗೆಂದು ಒಬ್ಬರು ಮನೆಗೆ ಬಂದರು. ಸೌಮ್ಯ ಮಾತಿನ ಮನುಷ್ಯ. ಚಹಾ ಕುಡಿದರು. ಪಟ್ಟಿ ಬಿಚ್ಚಿ ತೋರಿಸಿ ಎನ್ನಲಿಲ್ಲ, ಆದರೆ ನಾನು ಕಪ್ಪು ಎತ್ತುವುದನ್ನು, ಬಾಗಿಲ ಕಡೆ ಹೊರಳುವುದನ್ನು ಗಮನಿಸುತ್ತಿದ್ದರು.

"ನೀವು ಒಮ್ಮಿಗಲೇ ಬ್ರೇಕ್ ಹಾಕಿದ್ರಂತಲ್ರಿ?"

"ಇಲ್ರಿ. ಸಿಗ್ನಲ್ ಕೆಂಪಿತ್ತು. ನಾನು ನಿಂತಿದ್ದೆ."

"ಡ್ರೈವರ್ ಸ್ಟೇಶನ್ನಾಗ ಹಂಗ ಹೇಳ್ಯಾರಲ್ಲ. ಹೋಗಾಕತ್ತಿದ್ದ ಗಾಡಿ ಒಮ್ಮೆಲೆ ನಿಂತ್ಬಿಡ್ತು, ಅದಕ್ಕ ಬಡೀತು ಅಂತ." ಹಾಳೆ ತಿರುವಿ, "ನಿಮ್ಮ ಜೋಡಿ ಗಾಡ್ಯಾಗ ಯಾರಿದ್ರು?" ಎಂದರು.

"ಯಾರೂ ಇರಲಿಲ್ಲ."

"ನೋಡಿದವ್ರು ಯಾರರ?"

"ಗೊತ್ತಿಲ್ಲ."

ಅವರು ಬರೆದುಕೊಂಡರು. ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದಾದರೆ ಸಿಗುವುದೂ ಅರ್ಧವಾಗುತ್ತದೆ ಎಂದು ನಾನು ಗೊತ್ತುಮಾಡಿದ್ದ ವಕೀಲರು ಆಮೇಲೆ ವಿವರಿಸಿದರು. ಅದು ನನ್ನ ತಲೆಗೆ ಹೋಗಲೇ ಇಲ್ಲ. ಅಷ್ಟು ದಿನ ಸಂಜೆ ಸಂಜೆ ಕೇಳಿದ ಆ ದನಿಯನ್ನು ಮತ್ತೆ ಮತ್ತೆ ನೆನೆಸಿಕೊಂಡು, ಎಲ್ಲಿ ಸುಳ್ಳಿತ್ತು ಎಂದು ಹುಡುಕುತ್ತಾ ಕೂತೆ.

ಆ ಸಂಜೆ ಫೋನು ಬಂತು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೇಜಿನ ಮೇಲೆ ಅದು ರಿಂಗಾಗುವುದನ್ನು ಕೂತು ನೋಡುತ್ತಿದ್ದೆ. ನಿಂತ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತಿತ್ತು. ಕೆಳಗಿನಿಂದ ಹುಡುಗಿಯರು ರಾಜ್ಯಗಳ ಹೆಸರು, ನದಿಗಳ ಹೆಸರು ಜೋರಾಗಿ ಬಾಯಿಪಾಠ ಮಾಡುವುದು ಕೇಳುತ್ತಿತ್ತು. ನಾನು ಆ ದಿನಗಳಲ್ಲಿ ಬೇರೆ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಮೂರನೆಯ ಸಂಜೆಯೋ ನಾಲ್ಕನೆಯದೋ, ಫೋನು ಬರಲೇ ಇಲ್ಲ. ನಾನೇ ಎತ್ತದೆ ಬಿಟ್ಟವಳು, ಬರಲಿಲ್ಲವಲ್ಲ ಎಂದು ಕತ್ತಲಾಗುವವರೆಗೆ ಕಾದೆ.

ರವಿವಾರ ಅವರೇ ಬಂದರು. ಮೇಲೆ ಹತ್ತಲಿಲ್ಲ, ಅಂಗಳದ ಬೇವಿನ ಗಿಡದ ಕೆಳಗೆ ನಿಂತು ಕೂಗಿದರು. ನಾನು ಮೆಟ್ಟಿಲಿನ ಕಂಬಿ ಹಿಡಿದು ಮೆಲ್ಲಗೆ ಇಳಿದೆ. ತಲೆ ಬಗ್ಗಿಸಲಾಗದವಳಿಗೆ ಮೆಟ್ಟಿಲುಗಳು ಕಾಣುವುದಿಲ್ಲ; ಕಾಲಿನಿಂದ ತಡಕಾಡಿಕೊಂಡೇ ಇಳಿಯಬೇಕು. ನಾನು ಹಾಗೆ ಇಳಿಯುವುದನ್ನು ಅವರು ಕೊನೆಯ ಮೆಟ್ಟಿಲಿನವರೆಗೂ ನೋಡಿದರು.

"ಫೋನ್ ಎತ್ತಲಿಲ್ರಿ ನೀವು. ಬಿದ್ರೇನೋ ಅಂತ ಗಾಬರಿ ಆತು."

"ನಾನು ಒಮ್ಮಿಗಲೇ ಬ್ರೇಕ್ ಹಾಕಿದ್ನೇನ್ರಿ?" ಎಂದೆ.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಲ್ರಿ. ನೀವು ನಿಂತಿದ್ರಿ."

"ಮತ್ತ?"

"ಠಾಣೆದಾಗ ಗೊತ್ತಿದ್ದವ್ರೊಬ್ರು ಹಂಗ ಹೇಳು ಅಂದ್ರು. ಇಲ್ಲಂದ್ರ ಲೈಸೆನ್ಸ್ ಹೋಗ್ತೈತಿ, ಗಾಡಿ ಒಳಗ ಹಾಕ್ತಾರ ಅಂದ್ರು. ಅಂಗಡಿ ನಡ್ಯೂದ ಆ ಗಾಡಿ ಮ್ಯಾಲ್ರಿ. ಅಂಜಿ ಅಂದ್ಬಿಟ್ನಿ. ಅಂದು ಬಂದ ಮ್ಯಾಲೆ ನಿಮಗ ಫೋನ್ ಮಾಡಿ ಕುತ್ತಿಗಿ ಕೇಳಾಕ ನಾಚಿಕಿ ಬರ್ತಿತ್ತು. ಮಾಡದ ಇರಾಕೂ ಆಗ್ತಿರಲಿಲ್ಲ."

"ನನ್ನ ಕಡೆಯಿಂದ ಹೇಳೂವ್ರು ಯಾರೂ ಇಲ್ರಿ. ಅಲ್ಲಿ ನಿಂತದ್ದು ನೋಡಿದವ್ರು ನೀವೊಬ್ರ" ಎಂದೆ. ಜೋರಾಗಿ ಹೇಳಿಕೊಂಡ ಮೇಲೆ ಆ ಮಾತು ಎಷ್ಟು ನಿಜವೆಂದು ನನಗೇ ಕೇಳಿಸಿತು.

ಅವರು ತಲೆಯಾಡಿಸಿ ಹೋದರು. ಎರಡು ದಿನ ಬಿಟ್ಟು ವಕೀಲರು ಫೋನು ಮಾಡಿದರು. ಗಾದಿಯವರು ತಾವಾಗಿಯೇ ಠಾಣೆಗೆ ಹೋಗಿ, ಮೊದಲು ಹೇಳಿದ್ದು ತಪ್ಪು, ಗಾಡಿ ಸಿಗ್ನಲ್ಲಿನಲ್ಲಿ ನಿಂತಿತ್ತು ಎಂದು ಹೇಳಿಕೆ ಕೊಟ್ಟಿದ್ದರಂತೆ. ಅಲ್ಲಿಯವರು ಹಿಂದೆ ಮುಂದೆ ನೋಡಿದರೂ ಬರೆದುಕೊಳ್ಳುವವರೆಗೆ ಇವರು ಬಿಟ್ಟು ಬರಲಿಲ್ಲವಂತೆ. ಆ ಸಂಜೆ ಫೋನು ಬಂತು. ಮೊದಲ ರಿಂಗಿಗೇ ಎತ್ತಿದೆ.

"ಕುತ್ತಿಗಿ ಹೆಂಗೈತ್ರಿ ಅಕ್ಕಾರ?" ಎಂದರು. ಠಾಣೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಳೆಗಾಲವೆಲ್ಲ ಫಿಸಿಯೊಥೆರಪಿಗೆ ಓಡಾಡಿದೆ. ಬೆರಳುಗಳ ಜೋಮು ಮೆಲ್ಲಗೆ ಬಿಟ್ಟಿತು. ಹಲಗೆಯ ಮೇಲೆ ಮತ್ತೆ ಬರೆಯುವಂತಾದೆ, ಅಕ್ಷರಗಳು ಮಾತ್ರ ಮೊದಲಿಗಿಂತ ದೊಡ್ಡವಾದವು. ಕಾರು ಗುಜರಿಗೆ ಹೋಯಿತು. ಇನ್ನೊಂದು ಕೊಳ್ಳುವ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಓಡಾಡತೊಡಗಿದೆ. ಅಲ್ಲೂ ಹಿಂದೆ ಯಾವುದಾದರೂ ಗಾಡಿ ಜೋರಾಗಿ ಬ್ರೇಕು ಹಾಕಿದರೆ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಬಿಡುತ್ತೇನೆ.

ಪೊಲೀಸರ ಕೇಸಿನಲ್ಲಿ ಗಾದಿಯವರು ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಲೈಸೆನ್ಸ್ ಹೋಗಲಿಲ್ಲ. ಪರಿಹಾರದ ಕೇಸು ಮರುವರ್ಷ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅವರ ಕಂಪನಿ ಆಸ್ಪತ್ರೆಯ ಖರ್ಚಿಗೂ ಕಾರಿಗೂ ಒಂದಿಷ್ಟು ಕೊಡಲು ಒಪ್ಪಿತು. ಆ ದಿನ ಅವರು ಬರಬೇಕಾದ ಅಗತ್ಯವಿರಲಿಲ್ಲ, ಆದರೂ ಬಂದಿದ್ದರು. ಕೋರ್ಟಿನ ಹೊರಗಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಚಹಾ ಕುಡಿದೆವು.

"ಮುಗೀತಲ್ರಿ ಅಕ್ಕಾರ. ನಿಮಗೂ ತಾಪ ತಪ್ಪಿತು, ನನಗೂ ತಪ್ಪಿತು" ಎಂದರು. ಹೌದೆಂದೆ.

ಅಲ್ಲಿಯವರೆಗೆ ದಿನಾ ಬರುತ್ತಿದ್ದ ಫೋನು ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಕುತ್ತಿಗೆ ನೆಟ್ಟಗಾಗಿತ್ತು, ಕೇಸು ಮುಗಿದಿತ್ತು. ಅಂಗಡಿ, ಮಕ್ಕಳು ಮೊಮ್ಮಕ್ಕಳಿರುವ ಮನುಷ್ಯ. ಇದೆಲ್ಲ ನನಗೆ ತಿಳಿಯುತ್ತಿತ್ತು. ಆದರೂ ಸಂಜೆಯಾದರೆ ಫೋನನ್ನು ಒಳಗಿನ ಕೋಣೆಯಲ್ಲಿ ಬಿಡದೆ ಅಡಿಗೆಮನೆಗೆ ತಂದಿಟ್ಟುಕೊಳ್ಳುತ್ತಿದ್ದೆ.

ತಿಂಗಳು ಕಳೆದಿರಬೇಕು. ಒಂದು ಸಂಜೆ ನಾನೇ ಮಾಡಿದೆ.

"ಅಕ್ಕಾರ? ಏನಾತ್ರಿ? ಕೇಸಿಂದು ಏನರ ಮತ್ತ ಬಂತೇನು?" ದನಿಯಲ್ಲಿ ಹೆದರಿಕೆಯಿತ್ತು.

"ಏನಿಲ್ರಿ. ಸುಮ್ನ ಮಾಡ್ದೆ. ಆರಾಮದೀರಿ?"

"ಓ, ಹಂಗ! ಆರಾಮ್ರಿ, ಆರಾಮ್. ಕುತ್ತಿಗಿ?"

"ಛಲೋ ಆಗೇತ್ರಿ."

"ಹಾಂ, ಛಲೋ ಆತು, ಛಲೋ ಆತು." ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು. "ಒಂದ್ ನಿಮಿಷ ಇರ್ರಿ ಅಕ್ಕಾರ" ಎಂದು ಫೋನನ್ನು ಎಲ್ಲೋ ಇಟ್ಟರು, ಕಟ್ ಮಾಡಲಿಲ್ಲ.

ಬಂದವರು ಮಗಳ ಮದುವೆಗೆ ಗಾದಿ ನೋಡಲು ಬಂದಿದ್ದರು. ಹತ್ತಿ ಬೇಕೋ ಫೋಮು ಬೇಕೋ ಎಂದು ಗಾದಿಯವರು ಕೇಳಿದರು. ಹೆಂಗಸೊಬ್ಬಳು ಫೋಮು ಬೇಡ, ಸೆಕೆಯಾಗುತ್ತದೆ ಎಂದಳು. ಯಾರೋ ನಕ್ಕರು. ಗಾದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ಬಡಿದ ಸದ್ದು ಬಂತು. ಹೊರಗೆ ಸ್ಕೂಟರುಗಳ ಹಾರ್ನು, ಪಾನಿಪುರಿ ಗಾಡಿಯವನ ಗಂಟೆ. ಗಾದಿಯವರು ನನ್ನನ್ನು ಮರೆತಿದ್ದರು. ನಾನು ಒಲೆಯ ಪಕ್ಕ ನಿಂತು, ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಚೌಕಾಸಿ ಮುಗಿಯುವವರೆಗೆ ಎಲ್ಲವನ್ನೂ ಕೇಳಿಸಿಕೊಂಡೆ. ಬಂದವರು ಹಸಿರು ಬಣ್ಣದ್ದನ್ನು ಆರಿಸಿದರು. ಆಮೇಲೆ ನಾನೇ ಫೋನು ಕಟ್ ಮಾಡಿ ಅನ್ನಕ್ಕಿಟ್ಟೆ.