ಹಳೇ ಹುಂಜ, ಹೊಸ ಹುಂಜ

ಹಳೇ ಹುಂಜನೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಕಾರ್ಖಾನೆಯ ಗೇಟಿನಲ್ಲಿ. ಲಾರಿಗಳಿಗೆ ಎಣ್ಣೆ ಟ್ಯಾಂಕ್ ಕಟ್ಟುವ ಆ ಕಾರ್ಖಾನೆಯ ಹಿಂದಿನ ವೆಲ್ಡರ್‌ಗಳ ನೆನಪುಗಳನ್ನು ನಾನು ದಾಖಲಿಸುತ್ತಿದ್ದೆ. ಅವರೆಲ್ಲರೂ ಮಾತಿನ ನಡುವೆ ಒಮ್ಮೆಯಾದರೂ ಹೇಳಿದ ಅಡ್ಡಹೆಸರು ಹುಂಜ. ಆತನ ಮನೆ ಎಲ್ಲಿ ಎಂದು ಕಾವಲುಗಾರನನ್ನು ಕೇಳಿದೆ.

"ಯಾವ ಹುಂಜ ಬೇಕು ನಿಮಗೆ? ಹಳೇದಾ, ಹೊಸದಾ?"

ಕೆಲಸ ಬಿಟ್ಟವರು ಎಂದೆ.

"ಹಾಗಾದ್ರೆ ಹಳೇದು. ಹೊಸದು ಇನ್ನೂ ಟ್ಯಾಂಕ್ ಒಳಗೇ ಕೂಗ್ತಾ ಇದೆ," ಎಂದು ನಕ್ಕು, ತನ್ನ ಫೋನಿನಿಂದಲೇ ಹಳೆಯ ಹುಂಜನ ಹೆಂಡತಿಗೆ ಕರೆ ಮಾಡಿಕೊಟ್ಟ. ಆಕೆ ಒಪ್ಪಿದರು. "ಬೆಳಗ್ಗೆನೇ ಬನ್ನಿ. ಹೊತ್ತು ಏರಿದ್ರೆ ಇವರ ಮಾತು ಬಾಯಲ್ಲೇ ಉಳಿದುಬಿಡುತ್ತೆ."

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆ. ಹಳೇ ಹುಂಜನಿಗೆ ಐವತ್ತೊಂದು ವರ್ಷ. ಕುರ್ಚಿಯಲ್ಲಿ ಕೂತವರು ಎದ್ದರು, ಬಾಗಿಲವರೆಗೆ ಹೋದರು, ಮತ್ತೆ ಬಂದು ಕೂತರು. ಹಿಮ್ಮಡಿ ನೆಲಕ್ಕೆ ತಾಗದ ನಡಿಗೆ. ಮೊಣಕೈಗಳು ಮಡಚಿ ಪಕ್ಕೆಗೆ ಅಂಟಿಕೊಂಡಿದ್ದವು. ಹೆಸರು ಎಲ್ಲಿಂದ ಬಂತೆಂದು ಕೇಳುವ ಅಗತ್ಯ ಬೀಳಲಿಲ್ಲ. ಒಳಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

"ಟ್ಯಾಂಕ್ ಒಳಗೆ ಒಬ್ಬನೇ ಹಿಡಿಸೋದು," ಎಂದರು. "ಹೊಗೆ ಹೋಗೋಕೆ ಇರೋದು ನಾವು ಇಳಿದ ಬಾಯಿ ಒಂದೇ. ಫ್ಯಾನ್ ಕೊಟ್ಟಿದ್ರು. ಗಾಳಿ ಬಡಿದ್ರೆ ಬೆಸುಗೆಯಲ್ಲಿ ತೂತು ಬೀಳುತ್ತೆ. ತೂತು ಬಿದ್ರೆ ಬೈಗುಳ. ಅದಕ್ಕೆ ನಾವೇ ಫ್ಯಾನ್ ಆರಿಸ್ತಿದ್ವಿ."

ಮೊದಲು ಹೋದದ್ದು ನಿದ್ದೆ. ಆಮೇಲೆ ಕಾರಣವಿಲ್ಲದ ಸಿಟ್ಟು, ಕಾರಣವಿಲ್ಲದ ನಗು.

"ನಮ್ಮಪ್ಪನ ಹೆಣದ ಮುಂದೆ ನಕ್ಕುಬಿಟ್ರು ಕಣ್ರೀ!" ಎಂದು ಹೆಂಡತಿ ಒಳಗಿನಿಂದಲೇ ಹೇಳಿದರು. "ನನ್ನ ತಮ್ಮ ಕೊರಳಪಟ್ಟಿಗೇ ಕೈ ಹಾಕಿದ್ದ."

ಕುಡಿತ ಎಂದರು ಕೆಲವರು, ಕೊಬ್ಬು ಎಂದರು ಉಳಿದವರು. ಕಡೆಗೆ ಒಬ್ಬ ನರರೋಗ ತಜ್ಞೆ ಅವರಿಗೆ ಹಿಂದಕ್ಕೆ ನಡೆಯಲು ಹೇಳಿದರು. ಎರಡನೆಯ ಹೆಜ್ಜೆಗೆ ಅವರು ಕಡಿದ ಮರದಂತೆ ಬಿದ್ದರು. ಬೆಸುಗೆಯ ಹೊಗೆಯಲ್ಲಿರುವ ಮ್ಯಾಂಗನೀಸ್ ಎಂಬ ಲೋಹ ಮಿದುಳಿನಲ್ಲಿ, ನಡಿಗೆಯನ್ನು ಹಿಡಿತದಲ್ಲಿಡುವ ಜಾಗದಲ್ಲೇ, ಸೇರಿಕೊಂಡಿತ್ತು. ಹೋದದ್ದು ಮರಳುವುದಿಲ್ಲ, ಕೆಲಸ ಬೇಗ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಆ ತಜ್ಞೆ ಹೇಳಿದ್ದರು.

ಗೇಟಿನವರು ಹೊಸ ಹುಂಜ ಎಂದದ್ದು ಯಾರನ್ನು ಎಂದು ನಾನು ಕೇಳಿದೆ. ಯಂತ್ರ ನಿಂತಿತು. ಹೆಂಡತಿ ಕೈಯಲ್ಲಿ ಬಟ್ಟೆ ಹಿಡಿದೇ ಹೊರಗೆ ಬಂದರು.

"ಹೊಸದು ಅಂದ್ರೆ? ಯಾರು?"

"ನನ್ನ ಜಾಗಕ್ಕೆ ಇಳಿದಿರೋದು ಯಾರೇ? ನಿನ್ನ ತಮ್ಮನೇ ಅಲ್ವಾ?" ಎಂದು ಅವರು ನಕ್ಕರು. ಬಾಯಿ ನಕ್ಕಿತು, ಮುಖದ ಉಳಿದ ಭಾಗ ಅಲುಗಲಿಲ್ಲ.

ನನ್ನ ಎರಡನೆಯ ಭೇಟಿಯ ದಿನ ಆಕೆ ತಮ್ಮನನ್ನು ಮನೆಗೆ ಕರೆಸಿದ್ದರು. ಆತ ನೀರು ಕುಡಿದು ಲೋಟ ಕೆಳಗಿಡುವ ಮುಂಚೆಯೇ, "ಎದ್ದು ಹಿಂದಕ್ಕೆ ನಡಿ," ಎಂದರು ಅಕ್ಕ.

"ಏನಕ್ಕಾ, ಮುಂದಕ್ಕೆ ಹೋಗೋಕೆ ಹೇಗೂ ನೀನು ಬಿಡಲ್ಲ. ಈಗ ಹಿಂದಕ್ಕೆ ಬೇರೆ ಹೋಗ್ಬೇಕಾ?"

"ಬಾಯಿ ಮುಚ್ಚಿಕೊಂಡು ನಡಿಯೋ."

ಒಂದು ಹೆಜ್ಜೆ ಸರಿಯಾಗಿಯೇ ಬಿತ್ತು. ಇನ್ನೊಂದು ತಡವಾಯಿತು. ಆಮೇಲಿನದಕ್ಕೆ ಆತ ಅಂದು ಹೊರಕೋಣೆಗೆ ತಂದಿಟ್ಟಿದ್ದ ಹೊಲಿಗೆ ಯಂತ್ರವನ್ನು ಅವುಚಿ ಹಿಡಿದ.

"ಚಪ್ಪಲಿ ಜಾರ್ತು."

"ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದಿದೀಯ."

ಕುರ್ಚಿಯಲ್ಲಿದ್ದ ಭಾವ ಮುಂದಕ್ಕೆ ಬಾಗಿದರು.

"ನಾನೂ ನೆಲ ಜಾರುತ್ತೆ ಅಂದಿದ್ದೆ," ಎಂದರು ಅವರು, ಪದಪದವನ್ನೂ ಎಳೆದು. "ಬಿಟ್ಟುಬಿಡೋ."

"ಭಾವಾ, ಟ್ಯಾಂಕ್ ಬಿಟ್ರೆ ಹೆದರುಪುಕ್ಕಲ ಅಂತಾರೆ."

"ಅನ್ನಲಿ. ಹುಂಜ ಅನ್ನಿಸಿಕೊಳ್ಳೋದಕ್ಕಿಂತ ವಾಸಿ."

ಬಾಮೈದ ಹೊಲಿಗೆ ಯಂತ್ರದಿಂದ ಕೈ ತೆಗೆದು ಹೊರಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಹಿಡಿಯಿತು. ಅಕ್ಕ ಅವನ ಹಿಮ್ಮಡಿಗಳನ್ನೇ ನೋಡುತ್ತ ನಿಂತಿದ್ದರು.

ದಾಖಲೆಗೆ ಕೊನೆಯಲ್ಲಿ ಸೇರಿಸಿದ್ದು: 2017ರ ಫೆಬ್ರವರಿ 20ರಂದು ಬಾಮೈದ ಟ್ಯಾಂಕ್ ಒಳಗಿನ ಕೆಲಸ ಬಿಟ್ಟು, ಹೊರ ಅಂಗಳದಲ್ಲಿ ತಗಡು ಕತ್ತರಿಸುವ ಕೆಲಸಕ್ಕೆ ಸೇರಿದರು. ಅದೇ ದಿನ ಆ ಟ್ಯಾಂಕಿಗೆ ಇನ್ನೊಬ್ಬರನ್ನು ಇಳಿಸಲಾಯಿತು.