ಕೊಂಡಿ ಹಾಕಿಯೇ ಇದ್ದ ಹೆಲ್ಮೆಟ್

ಹೆಲ್ಮೆಟ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ತಲೆಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೆಲಸವೂ ಹೆಸರಿಗೆ ತಕ್ಕಂತೆಯೇ ಇತ್ತು. ಪರೀಕ್ಷೆ ಕೋಣೆಯಲ್ಲಿದ್ದ ಕಬ್ಬಿಣದ ತಲೆಗೆ ಹೆಲ್ಮೆಟ್ ತೊಡಿಸುವುದು, ಮೇಲಿನಿಂದ ಭಾರದ ಗುಂಡು ಬೀಳಿಸುವುದು, ಚಿಪ್ಪು ಉಳಿಯಿತೋ ಸೀಳಿತೋ ನೋಡುವುದು. ವರ್ಷಗಟ್ಟಲೆ ಆ ಸದ್ದು ಕೇಳಿ ಅವನ ಕಿವಿ ಎಷ್ಟು ಪಳಗಿತ್ತೆಂದರೆ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಹೆಲ್ಮೆಟ್ಟಿನ ಹಣೆಬರಹ ಹೇಳಿಬಿಡುತ್ತಿದ್ದ. ಪಕ್ಕದ ಬೀದಿಯಲ್ಲಿ ಯಾರಾದರೂ ತಲೆ ಕೆರೆದುಕೊಂಡರೆ ಒಳಗೆ ಸರಕಿದೆಯೋ ಖಾಲಿಯೋ ಎಂಬುದನ್ನೂ ಹೇಳಬಲ್ಲ ಎಂದು ಜೊತೆಯವರು ಡಂಗುರ ಸಾರಿದ್ದರು. ಮ್ಯಾನೇಜರ್ ತಲೆ ಕೆರೆದುಕೊಳ್ಳುವಾಗ ಮಾತ್ರ ಕಿವಿ ಮುಚ್ಚಿಕೋ ಎಂಬ ಬುದ್ಧಿಮಾತನ್ನೂ ಹೇಳಿದ್ದರು.

ಆ ಕಾರ್ಖಾನೆಗೆ ತನ್ನದೇ ಒಂದು ಪದ್ಧತಿ ಇತ್ತು. ಸರ್ಕಾರದ ತಪಾಸಣೆ ಅಧಿಕಾರಿ ಬರುವ ಮುನ್ನ ದಪ್ಪ ಚಿಪ್ಪಿನ, ಒಳ್ಳೆಯ ಮೆತ್ತೆಯ ಹೆಲ್ಮೆಟ್ಟುಗಳನ್ನು ಬೇರೆಯಾಗಿ ಮಾಡಿ ಕಪಾಟಿನಲ್ಲಿ ಜೋಡಿಸುತ್ತಿದ್ದರು. ನೋಡಲು ಬಂದವರ ಮುಂದೆ ಕೂರಿಸುವಂಥವು ಎಂದು ಕೆಲಸಗಾರರು ಅವನ್ನು ಮದುಮಕ್ಕಳು ಎನ್ನುತ್ತಿದ್ದರು. ಅಧಿಕಾರಿ ಯಾವುದಕ್ಕೆ ಬೆರಳು ತೋರಿಸಿದರೂ ಅದು ಮದುಮಗನೇ. ಅಂಗಡಿಗೆ ಹೋಗುವ ಸರಕು ಬೇರೆ. ಅದೇ ಆಕಾರ, ಅದೇ ಮುದ್ರೆ. ಚಿಪ್ಪು ಮಾತ್ರ ಮೊಟ್ಟೆಯ ಚಿಪ್ಪಿಗೆ ಚಿಕ್ಕ ತಮ್ಮ.

ತಲೆಮೇಸ್ತ್ರಿಗೆ ಇದೆಲ್ಲ ಗೊತ್ತಿತ್ತು. ಆದರೂ ಹಾಸಿಗೆಗೆ ಬೆನ್ನು ತಾಗಿದ್ದೇ ತಡ, ಓಣಿಯ ನಾಯಿಗಳು ಊರು ಬಿಡುವಂತೆ ಗೊರಕೆ ಹೊಡೆಯುತ್ತಿದ್ದ. ಕಾರಣ, ಕಪಾಟಿನಿಂದ ಒಬ್ಬ ಮದುಮಗನನ್ನು ಎತ್ತಿ ತಂದು ಬಾಮೈದನಿಗೆ ಕೊಟ್ಟಿದ್ದ. ಮನೆಯಲ್ಲಿ ಬೈಕು ಹತ್ತುವ ತಲೆ ಅದೊಂದೇ. ತನ್ನವರ ತಲೆ ಕಾಪಾಡಿದ್ದಾಯಿತು, ಲೋಕದ ತಲೆಯನ್ನು ಲೋಕ ನೋಡಿಕೊಳ್ಳಲಿ ಎಂದು ಸುಮ್ಮನಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಮುದುಕನೊಬ್ಬ ಚೀಲ ಹಿಡಿದು ಬಂದ. ಚೀಲದಲ್ಲಿ ಒಡೆದ ಹೆಲ್ಮೆಟ್ ಇತ್ತು. ಮ್ಯಾನೇಜರ್ ಅವನನ್ನು ಪರೀಕ್ಷೆ ಕೋಣೆಗೆ ಕರೆತಂದು, "ಇವರು ನಮ್ಮ ತಜ್ಞರು, ನೋಡಿ ಹೇಳ್ತಾರೆ" ಅಂದ. ಮುದುಕನ ಬೆನ್ನ ಹಿಂದಿನಿಂದ ತನ್ನ ಗದ್ದದ ಕೆಳಗೆ, ಪಟ್ಟಿ ಕಟ್ಟುವ ಜಾಗದಲ್ಲಿ, ಬೆರಳಾಡಿಸಿ ಸನ್ನೆ ಮಾಡಿದ.

"ಜಗಳಕ್ಕೆ ಬಂದಿಲ್ಲ ಸಾರ್," ಅಂದ ಮುದುಕ. "ಮಗ ಹೋದ. ಇದು ಯಾಕೆ ಒಡೀತು ಅಂತ ತಿಳ್ಕೊಂಡು ಹೋಗೋಣ ಅಂತ."

ತಲೆಮೇಸ್ತ್ರಿ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡ. ಗದ್ದದ ಪಟ್ಟಿಯನ್ನು ಆಸ್ಪತ್ರೆಯವರು ಕತ್ತರಿಯಿಂದ ಕತ್ತರಿಸಿದ್ದರು. ಕೊಂಡಿ ಮಾತ್ರ ಹಾಕಿದ ಹಾಗೆಯೇ ಇತ್ತು. ಅವನ ಹೆಬ್ಬೆರಳು ತಾನಾಗಿಯೇ ಸರಿದು ಆ ಕೊಂಡಿಯನ್ನು ಮುಚ್ಚಿತು.

"ಪಟ್ಟಿ ಹಾಕ್ಕೊಂಡಿರಲಿಲ್ಲ ಯಜಮಾನರೇ," ಅಂದ. "ಹಾಕ್ಕೊಂಡಿದ್ರೆ ಉಳೀತಿದ್ರು."

ಮುದುಕ ತಲೆಯಾಡಿಸಿದ. "ಹಂಗೇ ಅಂದ್ಕೊಂಡೆ. ಹೇಳಿದ್ ಮಾತು ಒಂದು ದಿನ ಕೇಳಿದವನಲ್ಲ." ಮಗನ ಮೇಲಿನ ಸಿಟ್ಟಿಗೋ ಏನೋ, ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟು ಹೋದ.

ಅದನ್ನು ಬಿಸಾಡಲು ಯಾರಿಗೂ ಕೈ ಬರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಒಳಗೆ ಯಾರೋ ಕೂತು ನೋಡುತ್ತಿರುವಂತೆ ಅದು ಉಳಿಯಿತು. ಊಟದ ಹೊತ್ತಿಗೆ ಯಂತ್ರಗಳು ನಿಂತಾಗ ಆ ಮೂಲೆಯಿಂದ ಟಕ್ ಎಂದು ಕೊಂಡಿ ಹಾಕಿದ ಸದ್ದು ತಲೆಮೇಸ್ತ್ರಿಗೆ ಕೇಳತೊಡಗಿತು. ಬೇರೆ ಯಾರ ಕಿವಿಗೂ ಬೀಳದ ಸದ್ದು. ಆಮೇಲೆ ಅದು ಅವನ ಹಿಂದೆಯೇ ಮನೆಗೂ ಬಂತು. ಹೆಂಡತಿಯ ಕೈಚೀಲ ಟಕ್ ಎಂದರೆ ಬೆಚ್ಚಿಬೀಳುತ್ತಿದ್ದ. ಬೆಲ್ಟ್ ಕಟ್ಟುವುದನ್ನೇ ಬಿಟ್ಟ.

"ರೀ, ಪ್ಯಾಂಟು ಜಾರ್ತಿದೆ, ಬೆಲ್ಟ್ ಹಾಕ್ಕೊಳ್ಳಿ," ಅಂದಳು ಹೆಂಡತಿ.

"ಅದು ಸದ್ದು ಮಾಡುತ್ತೆ ಕಣೆ."

"ಪ್ಯಾಂಟು ಬಿದ್ರೆ ಊರೇ ಸದ್ದು ಮಾಡುತ್ತೆ."

ಒಂದು ಭಾನುವಾರ ಬಾಮೈದ ಬಂದು ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲಿಟ್ಟ. ಕೆಂಪು ಬಣ್ಣದ್ದು. ಕೊಟ್ಟಿದ್ದು ಕಪ್ಪು.

"ಇದ್ಯಾವುದಯ್ಯಾ?"

"ಕಪ್ಪುದು ಬಿಸಿಲಿಗೆ ತಲೆ ಬೇಯ್ಸುತ್ತೆ ಭಾವ. ಅಂಗಡೀಲಿ ಬದಲಾಯಿಸ್ಕೊಂಡೆ. ಯೋಚ್ನೆ ಮಾಡ್ಬೇಡಿ, ನಿಮ್ಮ ಕಂಪನಿದೇ."

ತಲೆಮೇಸ್ತ್ರಿ ಗೆಣ್ಣಿನಿಂದ ತಟ್ಟಿದ. ಬೊದ್ ಎಂದಿತು, ಮೊಟ್ಟೆ ಚಿಪ್ಪಿನ ಸರಕು. ಅನ್ನದ ಪಾತ್ರೆ ಹಿಡಿದು ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿ ಪಾತ್ರೆ ಕೆಳಗಿಟ್ಟಳು. "ಅಂಗಡೀಲಿ ಮಾರೋದೆಲ್ಲ ಹೀಗೇನಾ?" ಎಂದು ಮೆಲ್ಲಗೆ ಕೇಳಿದಳು. ತಲೆಮೇಸ್ತ್ರಿ ಊಟ ಬಿಟ್ಟು ಎದ್ದ. ಬಾಮೈದನನ್ನು ಬಸ್ಸಿಗೆ ಹತ್ತಿಸಿ, ಹೆಲ್ಮೆಟ್ಟನ್ನು ತನ್ನಲ್ಲೇ ಇಟ್ಟುಕೊಂಡ.

ಮುಂದಿನ ತಪಾಸಣೆಗೆ ಬಂದ ಅಧಿಕಾರಿ ಎಂದಿನಂತೆ ಕಪಾಟಿನತ್ತ ಬೆರಳು ತೋರಿಸಿದರು. ತಲೆಮೇಸ್ತ್ರಿ ಮದುಮಗನನ್ನು ಮುಟ್ಟಲಿಲ್ಲ. ಚೀಲದಿಂದ ಕೆಂಪು ಹೆಲ್ಮೆಟ್ ತೆಗೆದು, "ಸಾರ್, ಇದು ಅಂಗಡಿಯಿಂದ ಬಂದದ್ದು. ಕಪಾಟಿನಲ್ಲಿರೋದು ನಿಮಗೋಸ್ಕರ ಮಾಡಿದ್ದು," ಎಂದು ಕಬ್ಬಿಣದ ತಲೆಗೆ ತೊಡಿಸಿ, ಕೊಂಡಿ ಹಾಕಿದ. ಆ ಟಕ್ ಸದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿತು.

"ಅವನಿಗೆ ಮೈ ಸರಿ ಇಲ್ಲ," ಎನ್ನುತ್ತ ಮ್ಯಾನೇಜರ್ ಮುಂದೆ ಬಂದ. ಅಷ್ಟರಲ್ಲಿ ಗುಂಡು ಬಿತ್ತು. ಹೆಲ್ಮೆಟ್ ಎರಡು ಹೋಳಾಗಿ ಒಂದು ಹೋಳು ಮ್ಯಾನೇಜರನ ಬೂಟಿನ ಬಳಿ ಹೋಗಿ ನಿಂತಿತು.

ಕಾರ್ಖಾನೆಗೆ ಬೀಗ ಬಿತ್ತು. ಜೊತೆಯವರು ಮಾತು ಬಿಟ್ಟರು. "ಎಲ್ಲಾ ಸದ್ದೂ ಕೇಳೋ ನಿನ್ನ ಕಿವಿಗೆ ನಮ್ಮ ಮಕ್ಕಳ ಹೊಟ್ಟೆ ಸದ್ದು ಕೇಳ್ಲಿಲ್ವೇನೋ?" ಎಂದು ಬಣ್ಣ ಹೊಡೆಯುವ ವಿಭಾಗದವನು ಬೀದಿಯಲ್ಲೇ ತಡೆದು ಕೇಳಿದ. ಇಷ್ಟಾದರೂ ಟಕ್ ಎಂಬ ಸದ್ದು ನಿಲ್ಲಲಿಲ್ಲ. ಅಧಿಕಾರಿಗೆ ಹೇಳಿದ್ದಾಯಿತು, ಹೇಳಬೇಕಾದವನಿಗೆ ಹೇಳಿರಲಿಲ್ಲ.

ಕೊನೆಗೆ, ಬೀಗ ಬೀಳುವ ಮುನ್ನ ಕಿಟಕಿಯ ಕಟ್ಟೆಯಿಂದ ಎತ್ತಿ ತಂದಿದ್ದ ಒಡೆದ ಹೆಲ್ಮೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮುದುಕನ ಮನೆ ಹುಡುಕಿ ಹೋದ. ಮುದುಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆಮೇಸ್ತ್ರಿ ಎದುರು ಕೂತು, ಕೊಂಡಿಯನ್ನು ತೋರಿಸಿದ.

"ಹಾಕ್ಕೊಂಡಿದ್ರು ಯಜಮಾನರೇ. ನಾನು ಬೆರಳಲ್ಲಿ ಮುಚ್ಚಿ ಸುಳ್ಳು ಹೇಳಿದೆ."

ಮುದುಕ ಕೊಂಡಿಯನ್ನು ಮುಟ್ಟಿ ನೋಡಿದ. ಎಳೆದು ನೋಡಿದ. ಅದು ಬಿಚ್ಚಲಿಲ್ಲ.

"ಹಾಕ್ಕೊಂಡಿದ್ದ," ಅಂದ. "ನಾನು ದಿನಾ ಬೆಳಗಾದ್ರೆ ಅವನ ಫೋಟೋ ಮುಂದೆ ನಿಂತು ಬೈತಿದ್ದೆ. ಹೇಳಿದ ಮಾತು ಕೇಳ್ಲಿಲ್ವಲ್ಲೋ ಅಂತ." ಕೊಂಡಿಯನ್ನು ಮತ್ತೊಮ್ಮೆ ಬೆರಳಿನಿಂದ ಸವರಿದ. "ಈಗ ಬೆಳಗಾದ್ರೆ ಯಾರನ್ನ ಬೈಲಿ?"

"ನನ್ನ ಬೈರಿ."

"ಹಂಗಾದ್ರೆ ಬಾ ದಿನಾ."

ತಲೆಮೇಸ್ತ್ರಿ ಹೋಗುತ್ತಾನೆ. ಬೆಲ್ಟ್ ಇಲ್ಲದ ಪ್ಯಾಂಟನ್ನು ಎತ್ತಿ ಹಿಡಿದುಕೊಂಡು ಅದೇ ಬೀದಿ, ಅದೇ ಬಾಗಿಲು. ಮುದುಕನ ಬಾಯಿ ಜೋರಾದ ದಿನ ಊರಿನ ಕಾಗೆಗಳೆಲ್ಲ ತಂತಿ ಬಿಟ್ಟು ಏಳುತ್ತವೆ. ಇವನು ಹೂಂ ಹೂಂ ಎನ್ನುತ್ತ ತಲೆ ತಗ್ಗಿಸಿ ಕೇಳಿ ಬರುತ್ತಾನೆ. ಒಮ್ಮೊಮ್ಮೆ ಮುದುಕ ಬೈಯುವುದನ್ನು ಮರೆತು, "ಊಟ ಆಯ್ತೇನಪ್ಪಾ?" ಎಂದುಬಿಡುತ್ತಾನೆ. ಆ ದಿನ ಮಾತ್ರ ತಲೆಮೇಸ್ತ್ರಿಗೆ ಮನೆಗೆ ಹೋಗಿ ತಟ್ಟೆಯ ಮುಂದೆ ಕೂರಲಾಗುವುದಿಲ್ಲ.